ಕರ್ಣನ ಮುಂಡಾಸು ಕಂಡಿರಾ?

“ಹ್ವಾಯ್, ಪೇಪರ್ನೋರೆ! ನಮ್ಮ್ ಅಪ್ಪಯ್ಯ ಇಂಟರ್ನೆಟ್ಟಿನೊಳ್ಗೆ ಕಳ್ದ್ ಹೋಯ್ರ್. ಒಂಚೂರ್ ಹುಡ್ಕಿ ಕೊಡಿ ಕಾಂಬ.”

ಕುಂದಾಪುರ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಹೀಗೆ ಕರೆದವರು ಯಕ್ಷಗಾನದ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಯ ಹಿರಿಯರು. ವಯಸ್ಸು 70 ದಾಟಿದೆ. ತಮಾಷೆ ಎಂದುಕೊಂಡೆ. ಒಳಗೆ ಕೂರಿಸಿ ಚಾ ತರಿಸಿದ ಮೇಲೆ ತಮಾಷೆಯಲ್ಲ ಎಂದು ಗೊತ್ತಾಯಿತು. ಅಷ್ಟರಲ್ಲಿ ಬಸ್ಸೂ ಹೋಯಿತು.

ಸಂಗತಿ ಇಷ್ಟು. ಇವರ ತಂದೆ ಬಡಗುತಿಟ್ಟಿನ ವೇಷಧಾರಿ. ಕರ್ಣನ ವೇಷಕ್ಕೆ ಅವರು ಮುಂಡಾಸು ಕಟ್ಟುತ್ತಿದ್ದ ಕ್ರಮವೇ ಬೇರೆ. ಜರಿಪಟ್ಟಿ ಎಳೆಯುವ ಲೆಕ್ಕ ಇನ್ನೊಬ್ಬರಿಗೆ ಬರುತ್ತಿರಲಿಲ್ಲವಂತೆ. ಆ ವೇಷದಲ್ಲಿ ತೆಗೆದ ಫೋಟೊ ಒಂದೇ. 2008ರಲ್ಲಿ ಮಸ್ಕತ್‌ನಲ್ಲಿದ್ದ ಸಂಬಂಧಿಕರೊಬ್ಬರು ಅದನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಊರೆಲ್ಲ ನೋಡಿ ಭೇಷ್ ಎಂದಿತು. ಇನ್ನು ಕಾಗದದ ಫೋಟೊ ಯಾಕೆ ಎಂದು ಅಟ್ಟಕ್ಕೆ ಹಾಕಿದರು. ಅಟ್ಟದಲ್ಲಿ ಗೆದ್ದಲಿತ್ತು.

ಈಗ ಮೊಮ್ಮಗ ಮೊದಲ ಬಾರಿ ಕರ್ಣ ಮಾಡುತ್ತಾನೆ. ಮುತ್ತಜ್ಜನ ಮುಂಡಾಸೇ ಆಗಬೇಕೆಂದು ಹಠ. ಆಟಕ್ಕೆ ಉಳಿದದ್ದು ಆರು ವಾರ. ಹಿರಿಯರಿಗೆ ಬಟ್ಟೆ ಸುತ್ತುವುದು ನೆನಪಿದೆ, ಜರಿಯ ಲೆಕ್ಕ ಮರೆತಿದೆ. “ಕೈಗ್ ಗೊತ್ತಿತ್ ಮಾರಾಯ್ರೆ, ತಲಿಗ್ ಗೊತ್ತಿಲ್ಲೆ” ಎಂದು ಬೆರಳು ಆಡಿಸಿ ತೋರಿಸಿದರು. ಬೆರಳು ನಡುಗುತ್ತಿತ್ತು.

ಒಂದು ಫೋಟೊಕ್ಕೆ ಇಷ್ಟು ಗಲಾಟೆಯೇ ಎನ್ನಬೇಡಿ. ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿದ ಕಿರೀಟವಾದರೆ ಪೆಟ್ಟಿಗೆಯಲ್ಲಿ ನಾಲ್ಕು ತಲೆಮಾರು ಉಳಿಯುತ್ತದೆ. ಭುಜಕೀರ್ತಿ, ಎದೆಕಟ್ಟು ಉಳಿಯುತ್ತವೆ. ಬಡಗಿನ ಮುಂಡಾಸು ಹಾಗಲ್ಲ. ಅದನ್ನು ಪ್ರತಿ ಆಟಕ್ಕೂ ಚೌಕಿಯಲ್ಲಿ ಕೂತು ಹೊಸದಾಗಿ ತಲೆಗೇ ಕಟ್ಟಬೇಕು. ಬೆಳಗಾದರೆ ಬಿಚ್ಚಬೇಕು. ಬಿಚ್ಚಿದ ಮೇಲೆ ಅದು ಬರೀ ಬಟ್ಟೆ, ಬರೀ ಜರಿ. ಕಟ್ಟುವವರು ಹೋದರೆ ಉಳಿಯುವುದು ಕಂಡವರ ನೆನಪು, ಇಲ್ಲವೇ ಫೋಟೊ. ಪುಸ್ತಕಗಳಿವೆ. ಕಾರಂತರ ‘ಯಕ್ಷಗಾನ ಬಯಲಾಟ’ 1957ರದ್ದು. ಮಾರ್ಥಾ ಆಶ್ಟನ್, ಬ್ರೂಸ್ ಕ್ರಿಸ್ಟಿ ಸೇರಿ ಬರೆದ ಇಂಗ್ಲಿಷ್ ಪುಸ್ತಕ 1977ರದ್ದು. ಅವುಗಳಿಂದ ಶಾಸ್ತ್ರ ತಿಳಿದೀತು. ಇವರ ಅಪ್ಪಯ್ಯ ಸಿಗಬೇಕಲ್ಲ?

ಸರಿ, ಹುಡುಕಲು ಕೂತೆವು. ಗೂಗಲ್ಲಿನಲ್ಲಿ ‘ಕರ್ಣ ಯಕ್ಷಗಾನ’ ಎಂದು ಹೊಡೆದರೆ ಕರ್ಣರ ಜಾತ್ರೆಯೇ ಬಂತು, ಇವರಿಗೆ ಬೇಕಾದ ಕರ್ಣ ಬರಲಿಲ್ಲ. 2011ರಿಂದ ಚಿತ್ರವನ್ನೇ ಕೊಟ್ಟು ಚಿತ್ರ ಹುಡುಕುವ ಸೌಲಭ್ಯವೂ ಇದೆ. ಅಂಗಡಿಯ ಹುಡುಗ ಬಹಳ ಉತ್ಸಾಹದಿಂದ ಹೇಳಿದ. ಚಿತ್ರ ಕೈಯಲ್ಲಿದ್ದರೆ ನಾವೇಕೆ ಹುಡುಕುತ್ತಿದ್ದೆವು ಎಂದು ಹಿರಿಯರು ಕೇಳಿದಾಗ ಸುಮ್ಮನಾದ.

ಮಸ್ಕತ್ತಿನ ಸಂಬಂಧಿಕರಿಗೆ ಫೋನು ಹೋಯಿತು. ಫೋಟೊ ಹಾಕಿದ್ದ ತಾಣವೇ ಮುಚ್ಚಿ ವರ್ಷಗಳಾದವಂತೆ. ಇದೇನು ಹೊಸತಲ್ಲ. ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು. ನಮ್ಮ ಹುಡುಗರು ರಾತ್ರಿಯಿಡೀ ಕೂರುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಂಗಡಿಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಇದು ಪರರ ಗೋದಾಮಿನಲ್ಲಿ ಮಾಲು ಇಟ್ಟ ಹಾಗೆ. ಆತ ಶಟರ್ ಎಳೆಯುವ ಮೊದಲು ನೋಟೀಸು ಹಚ್ಚಿಯಾನು. ಓದಲು ನಾವು ಅತ್ತ ಹೋಗಬೇಕಲ್ಲ?

ಕೊನೆಗೆ ಉಳಿದದ್ದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್. 1996ರಿಂದ ಜಗತ್ತಿನ ಜಾಲತಾಣಗಳ ನಕಲು ತೆಗೆದಿಡುವ ಸಂಸ್ಥೆ. 2001ರಿಂದ ಯಾರು ಬೇಕಾದರೂ ಹಳೆ ಪುಟ ತೆಗೆದು ನೋಡಬಹುದು, ಕಾಸಿಲ್ಲ. ಆದರೆ ಪುಟದ ವಿಳಾಸ ಬೇಕು. ಆ ವಿಳಾಸ ಸಂಬಂಧಿಕರ ಹಳೇ ಈ-ಮೇಲಿನಲ್ಲಿ ಸಿಕ್ಕಿತು. ಒತ್ತಿದೆವು. ಪುಟ ತೆರೆಯಿತು! “ನಮ್ಮ ಅಜ್ಜಯ್ಯ, ಕರ್ಣನಾಗಿ” ಎಂಬ ಬರಹ ಇದೆ, ಕೆಳಗೆ ಹನ್ನೊಂದು ಜನರ ಶಹಬಾಸ್‌ಗಿರಿ ಇದೆ. ಚಿತ್ರದ ಜಾಗದಲ್ಲಿ ಖಾಲಿ ಚೌಕ. ನಕಲು ತೆಗೆಯುವ ಯಂತ್ರ ಬರಹವನ್ನು ಎತ್ತಿಟ್ಟುಕೊಂಡು ಚಿತ್ರವನ್ನು ಬಿಟ್ಟು ಬಂದಿತ್ತು.

ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಹುಡುಗ ಬಿಡಲಿಲ್ಲ. ಹಿಂದಿನ ಪುಟ, ಮುಂದಿನ ಪುಟ ಒತ್ತುತ್ತಲೇ ಇದ್ದ. ಆಲ್ಬಮ್ಮಿನ ಪಟ್ಟಿಯಲ್ಲಿ ಅಂಚೆಚೀಟಿ ಗಾತ್ರದ ಚಿತ್ರವೊಂದು ಉಳಿದಿತ್ತು. ದೊಡ್ಡದು ಮಾಡಿದರೆ ಬರೀ ಮಸುಕು, ಮುಖವೇ ಕಾಣದು. ಹಿರಿಯರು ಮಾತ್ರ ಮಾನಿಟರಿಗೆ ಮೂಗು ತಾಗುವಷ್ಟು ಬಗ್ಗಿದರು. “ಅಪ್ಪಯ್ಯನೇ! ಜರಿ ಬಲದಿಂದ ಶುರು, ಕಾಣಿ. ನಾ ಎಡದಿಂದ ಸುತ್ತುತಾ ಇದ್ದೆ!” ಎಂದವರೇ ಪೆಟ್ಟಿಗೆ ತೆಗೆದು ಮೊಮ್ಮಗನನ್ನು ಕೂಗಿದರು. ಅರ್ಧ ಮುಂಡಾಸು ಅಲ್ಲೇ ಎದ್ದಿತು. ಮೇಲಿನ ಸುತ್ತುಗಳು ಎಷ್ಟು ಎಂದು ಆ ಮಸುಕಿನಲ್ಲಿ ಎಣಿಸಲಾಗಲಿಲ್ಲ. ಕೈ ಅಲ್ಲಿಗೇ ನಿಂತಿತು.

ಈಗ ಕೆಲಸ ನಿಮ್ಮದು. ಹಿಂದೆ ಆಟದ ಮರುದಿನ ಚೌಕಿಯ ಫೋಟೊಗಳನ್ನು ಕೊಂಡು ಮನೆಯ ಗೋಡೆಗೆ ಹಾಕಿದವರಿದ್ದಾರೆ. ಹಳೇ ಕರ್ಣನ ಫೋಟೊ ನಿಮ್ಮಲ್ಲಿದ್ದರೆ ತಂದು ತೋರಿಸಿ, ಪ್ರತಿ ತೆಗೆದು ಅಲ್ಲೇ ವಾಪಸು ಕೊಡುತ್ತಾರೆ. ಪೇಟೆಯಲ್ಲಿ ‘ವೇಷದ ಅಂಗಡಿ’ ಎಂದರೆ ಯಾರೂ ದಾರಿ ತೋರಿಸಿಯಾರು. ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಆಟವಿರುವ ದಿನ ಮಾತ್ರ ಮಧ್ಯಾಹ್ನಕ್ಕೇ ಬೀಗ.