ವಾಚ್ ಕಟ್ಟಿಕೊಂಡರೆ ತೂಕ ಇಳಿಯುತ್ತದೆಯೇ?

ಯುಗಾದಿಯ ದಿನ ನೇಪರ್ವಿಲ್‌ನ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಶುರು ಮಾಡುತ್ತೇನೆ. ಹೊರಗೆ ಇನ್ನೂ ಚಳಿ. ಒಳಗೆ ಬೇವು-ಬೆಲ್ಲ ಆಗಿ, ಮಾವಿನಕಾಯಿ ಚಿತ್ರಾನ್ನ, ಹೋಳಿಗೆ, ತುಪ್ಪ ಎಲ್ಲ ಬಡಿಸಿದ್ದೆ. 9 ವರ್ಷದ ಮಗಳು ಹೋಳಿಗೆಯನ್ನು ತಟ್ಟೆಯ ಅಂಚಿಗೆ ಸರಿಸಿ, ಕೈಗೆ ಕಟ್ಟಿಕೊಂಡಿದ್ದ ನನ್ನ ಹಳೇ ವಾಚ್ ನೋಡಿಕೊಂಡು ಹೇಳಿದಳು: "ಅಮ್ಮ, ನನ್ನ ಸ್ಟೆಪ್ಸ್ ಇನ್ನೂ ಆಗಿಲ್ಲ. ಹೋಳಿಗೆ ನಾಳೆ ತಿಂತೀನಿ."

ಇದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ನಾನೇ ನಾಲ್ಕು ತಿಂಗಳಿಂದ ದಿನಾ ಹೇಳುತ್ತಿದ್ದೆ: "ಇವತ್ತು ಎಂಟು ಸಾವಿರ ಆಗಿದೆ, ಒಂದು ಲಾಡು ತಿನ್ನಬಹುದು", "ಇವತ್ತು ಮೂರೇ ಸಾವಿರ, ನನಗೆ ಅನ್ನ ಬೇಡ". ಮನೆಯಲ್ಲಿ ಕನ್ನಡವನ್ನೇ ಮಾತಾಡಬೇಕು ಅಂತ ಹಟ ಹಿಡಿದವಳು ನಾನು. ಮಗಳು ಕಲಿತಳು. ಕನ್ನಡದ ಜತೆಗೆ ಈ ಲೆಕ್ಕವನ್ನೂ ಕಲಿತಳು.

ನಿಮ್ಮ ಮನೆಯಲ್ಲೂ ಒಬ್ಬರ ಕೈಯಲ್ಲಾದರೂ ಇಂಥ ವಾಚ್ ಇರಬಹುದು. ಅದು ನಿಜವಾಗಿ ತೂಕ ಇಳಿಸುತ್ತದೆಯೇ? ನಾನು ವೈದ್ಯೆಯಲ್ಲ. ಆದರೆ ಸಂಶೋಧನೆ ನನ್ನ ವೃತ್ತಿ, ಪೇಪರ್ ಓದುವುದು ದಿನದ ಕೆಲಸ. ಯುಗಾದಿಯ ಆ ರಾತ್ರಿ ಕುಳಿತು ಓದಲು ಶುರು ಮಾಡಿದೆ. ಅದನ್ನು ನಾಲ್ಕು ತಿಂಗಳ ಹಿಂದೆಯೇ ಮಾಡಬೇಕಿತ್ತು.

ಅಕ್ಕನ ಜತೆ ಪಂದ್ಯ

ನಾಲ್ಕು ತಿಂಗಳ ಹಿಂದೆ ಆದದ್ದು ಇಷ್ಟು. ನನ್ನ ಅಕ್ಕ ಇರುವುದು ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿ. ನಮ್ಮಿಬ್ಬರ ಮನೆಗಳ ನಡುವೆ ಐದು ಗಂಟೆಯ ಡ್ರೈವ್. ನವೆಂಬರಿನಲ್ಲಿ ಅವಳ ರಕ್ತಪರೀಕ್ಷೆಯಲ್ಲಿ ಎ1ಸಿ 5.9 ಬಂತು. 5.7ರಿಂದ 6.4ರವರೆಗೆ ಇದ್ದರೆ ಪ್ರೀಡಯಾಬಿಟೀಸ್ ಎನ್ನುತ್ತಾರೆ. ನಮ್ಮ ಅಪ್ಪನಿಗೆ 44ಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ಅವರು ಯಾವತ್ತೂ ದಪ್ಪ ಇದ್ದವರಲ್ಲ. ಅಕ್ಕನಿಗೆ ಈಗ 41. ಇಬ್ಬರಿಗೂ ಹೆದರಿಕೆಯಾಯಿತು. ಹೆದರಿಕೆಯಲ್ಲಿ ಇಬ್ಬರೂ ಹೊಸ ವಾಚ್ ಕೊಂಡೆವು. ಯುಗಾದಿಯವರೆಗೆ ದಿನಕ್ಕೆ 10,000 ಹೆಜ್ಜೆ ಅಂತ ಪಂದ್ಯ ಕಟ್ಟಿಕೊಂಡೆವು.

ನಮ್ಮ ಕಡೆಯ ಚಳಿಗಾಲ ನಿಮಗೆ ಗೊತ್ತೇ ಇದೆ. ಐದು ಗಂಟೆಗೆ ಕತ್ತಲು, ಕಾಲ್ದಾರಿಯ ಮೇಲೆ ಐಸ್. ಅಕ್ಕ ಮಾಲ್‌ನೊಳಗೆ ಸುತ್ತು ಹಾಕಿದಳು. ನಾನು ರಾತ್ರಿ ಹನ್ನೊಂದಕ್ಕೆ ಬೇಸ್‌ಮೆಂಟಿನಲ್ಲಿ ಗಾಣದೆತ್ತಿನ ಹಾಗೆ ತಿರುಗಿದೆ. ಯುಗಾದಿಯ ಹೊತ್ತಿಗೆ ನನ್ನ ಸರಾಸರಿ ಒಂಬತ್ತು ಸಾವಿರದ ಹತ್ತಿರ. ತೂಕ? ಒಂದು ಪೌಂಡ್ ಹೆಚ್ಚಾಗಿತ್ತು. ಅಕ್ಕನದು ಎರಡು ಪೌಂಡ್ ಇಳಿದಿತ್ತು.

ಅಧ್ಯಯನಗಳು ಏನು ಹೇಳುತ್ತವೆ?

ಮೊದಲು ಒಳ್ಳೆಯ ಸುದ್ದಿ. ವಾಚ್ ಕಟ್ಟಿಕೊಂಡವರು ಹೆಚ್ಚು ನಡೆಯುತ್ತಾರೆ. 2022ರಲ್ಲಿ 'ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್' ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ ಅದುವರೆಗಿನ 39 ವಿಮರ್ಶೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಸುಮಾರು 1,64,000 ಜನರ ಮಾಹಿತಿ ಅದರಲ್ಲಿತ್ತು. ಇಂಥ ಸಾಧನ ಬಳಸಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆದಿದ್ದರು. ತೂಕ ಇಳಿದದ್ದು ಸುಮಾರು ಒಂದು ಕಿಲೋ.

ಅಂದರೆ ಲಾಭ ಇದೆ, ಆದರೆ ಸಣ್ಣದು. ಜಾಹೀರಾತಿನಲ್ಲಿ ಕಾಣುವಷ್ಟಿಲ್ಲ.

ಇನ್ನೊಂದು ಅಧ್ಯಯನ ಅಚ್ಚರಿ ಹುಟ್ಟಿಸುವಂಥದ್ದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 18ರಿಂದ 35 ವರ್ಷದ 471 ಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲರಿಗೂ ಆಹಾರ, ವ್ಯಾಯಾಮದ ಬಗ್ಗೆ ಸಲಹೆ ಸಿಗುತ್ತಿತ್ತು. ಆರು ತಿಂಗಳ ನಂತರ ಅರ್ಧ ಜನರಿಗೆ ತೋಳಿಗೆ ಕಟ್ಟುವ ಟ್ರ್ಯಾಕರ್ ಕೊಟ್ಟರು, ಉಳಿದವರು ತಾವೇ ಲೆಕ್ಕ ಬರೆದಿಟ್ಟರು. ಎರಡು ವರ್ಷದ ಕೊನೆಗೆ ಟ್ರ್ಯಾಕರ್ ಇದ್ದವರು ಸರಾಸರಿ 3.5 ಕಿಲೋ ಇಳಿದಿದ್ದರು. ಇಲ್ಲದವರು 5.9 ಕಿಲೋ! ಟ್ರ್ಯಾಕರ್ ಕಟ್ಟಿದರೆ ದಪ್ಪ ಆಗುತ್ತೀರಿ ಅಂತ ಇದರ ಅರ್ಥವಲ್ಲ. ಎರಡೂ ಗುಂಪಿನವರು ಇಳಿದಿದ್ದರು. ಆದರೆ ಯಂತ್ರ ಸೇರಿಸಿದ ಮಾತ್ರಕ್ಕೆ ಫಲ ಹೆಚ್ಚುವುದಿಲ್ಲ ಎಂಬುದು ಸ್ಪಷ್ಟ.

ಇನ್ನು ಕ್ಯಾಲೊರಿ. ನಾನು ಮೋಸ ಹೋದದ್ದು ಇಲ್ಲೇ. ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ 60 ಜನರ ಕೈಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ ಪರೀಕ್ಷಿಸಿದರು. ಏಳರಲ್ಲಿ ಆರು ಎದೆಬಡಿತವನ್ನು ಚೆನ್ನಾಗಿಯೇ ಅಳೆದವು. ಆದರೆ ಖರ್ಚಾದ ಕ್ಯಾಲೊರಿಯನ್ನು ಒಂದೂ ಸರಿಯಾಗಿ ಹೇಳಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿದ್ದುದು ಸರಾಸರಿ ಶೇ. 27ರಷ್ಟು ತಪ್ಪು ಹೇಳಿತು, ಕಳಪೆಯಾದುದು ಶೇ. 93ರಷ್ಟು. ಆಮೇಲೆ ಹೊಸ ಮಾದರಿಗಳು ಬಂದಿವೆ, ನಿಜ. ಆದರೂ ಆ ಸಂಖ್ಯೆಯನ್ನು ನಂಬಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಬೇಡಿ. ಒಂದು ಮೈಲಿ ನಡೆದರೆ ನಮ್ಮಂಥವರಿಗೆ ಖರ್ಚಾಗುವುದು ಸುಮಾರು 80ರಿಂದ 100 ಕ್ಯಾಲೊರಿ. ತುಪ್ಪ ಹಾಕಿದ ಒಂದು ಹೋಳಿಗೆಗೆ ಎರಡು ಮೈಲಿಗೂ ಮೀರಿ ನಡೆಯಬೇಕು. ನಾನು ರಾತ್ರಿ ನಡೆದದ್ದನ್ನೆಲ್ಲ ಮರುದಿನ ಮಧ್ಯಾಹ್ನದೊಳಗೆ ತಿಂದು ಮುಗಿಸುತ್ತಿದ್ದೆ.

ಆ 10,000 ಎಂಬ ಸಂಖ್ಯೆಯೂ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಾಮಾಸಾ ಕಂಪನಿ ಹೆಜ್ಜೆ ಎಣಿಸುವ ಸಾಧನವೊಂದನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಮಾನ್ಪೊ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರು ಚೆನ್ನಾಗಿತ್ತು, ನಿಂತುಬಿಟ್ಟಿತು. ಸರಾಸರಿ 72 ವರ್ಷದ 16,741 ಮಹಿಳೆಯರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 4,400 ಹೆಜ್ಜೆ ನಡೆಯುತ್ತಿದ್ದವರಲ್ಲೇ ಸಾವಿನ ಪ್ರಮಾಣ 2,700 ಹೆಜ್ಜೆಯವರಿಗಿಂತ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ನಿಮ್ಮ ಅತ್ತೆ ಊರಿಂದ ಬಂದಾಗ "ಹತ್ತು ಸಾವಿರ ಆಗಲಿಲ್ಲ" ಅಂತ ಕೊರಗುತ್ತಿದ್ದರೆ ಇದನ್ನು ಹೇಳಿ.

ನಮ್ಮ ಶಿಕಾಗೋದಲ್ಲೇ ಆದ ಪ್ರಯೋಗ

ನಮ್ಮ ಪ್ರಶ್ನೆಗೆ ತೀರಾ ಹತ್ತಿರದ ಉತ್ತರ ಸಿಕ್ಕಿದ್ದು ಇಲ್ಲೇ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ. ಬಾನಿ ಸ್ಪ್ರಿಂಗ್ ಅವರ ತಂಡ 400 ಜನರ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2024ರಲ್ಲಿ 'ಜಾಮಾ'ದಲ್ಲಿ ಬಂತು. ಎಲ್ಲರಿಗೂ ಒಂದು ಟ್ರ್ಯಾಕರ್, ಫೋನಿಗೆ ಮಾಹಿತಿ ಕಳಿಸುವ ತೂಕದ ಯಂತ್ರ ಮತ್ತು ಒಂದು ಆ್ಯಪ್ ಕೊಟ್ಟರು. ಅರ್ಧ ಜನರಿಗೆ ಶುರುವಿನಲ್ಲಿ ಇಷ್ಟೇ. ಉಳಿದ ಅರ್ಧಕ್ಕೆ ಇದರ ಜತೆಗೆ ಫೋನಿನಲ್ಲಿ ಮಾತಾಡುವ ಒಬ್ಬ ಕೋಚ್. ಮೊದಲ ವಾರಗಳಲ್ಲಿ ತೂಕ ಇಳಿಯದವರಿಗೆ ಆಮೇಲೆ ಹೆಚ್ಚಿನ ನೆರವನ್ನೂ ಸೇರಿಸಿದರು.

ಆರು ತಿಂಗಳಿಗೆ ಯಂತ್ರಗಳಿಂದಷ್ಟೇ ಶುರು ಮಾಡಿದವರು ಸರಾಸರಿ 2.8 ಕಿಲೋ ಇಳಿದಿದ್ದರು. ಕೋಚ್ ಇದ್ದವರು 4.8 ಕಿಲೋ. ಹಿಂದೆ ಬಿದ್ದವರಿಗೆ ಆಮೇಲೆ ನೆರವು ಕೊಟ್ಟರೂ ಆ ಅಂತರ ಮುಚ್ಚಲಿಲ್ಲ.

ಇದನ್ನು ಓದಿದಾಗ ಇನ್ನೊಂದು ಹಳೆಯ ಅಧ್ಯಯನ ನೆನಪಾಯಿತು. 2002ರಲ್ಲಿ ಪ್ರಕಟವಾದ ಡಯಾಬಿಟೀಸ್ ಪ್ರಿವೆನ್ಷನ್ ಪ್ರೋಗ್ರಾಂ. ಅಮೆರಿಕದ 27 ಕೇಂದ್ರಗಳು, 3,234 ಜನ. ನಾರ್ತ್‌ವೆಸ್ಟರ್ನ್ ಕೂಡ ಅದರಲ್ಲಿತ್ತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಎರಡು ಗುರಿ: ತೂಕದಲ್ಲಿ ಶೇ. 7 ಇಳಿಕೆ, ವಾರಕ್ಕೆ 150 ನಿಮಿಷದ ಚಟುವಟಿಕೆ. ಈ ಗುಂಪಿನಲ್ಲಿ ಕಾಯಿಲೆ ಬರುವ ಪ್ರಮಾಣ ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 31. ಆಗ ಯಾರ ಕೈಯಲ್ಲೂ ಸ್ಮಾರ್ಟ್ ವಾಚ್ ಇರಲಿಲ್ಲ. ಆದರೆ ಪ್ರತಿಯೊಬ್ಬರ ಹಿಂದೆಯೂ "ಈ ವಾರ ಹೇಗಾಯ್ತು?" ಅಂತ ಕೇಳುವ ಒಬ್ಬ ಮನುಷ್ಯ ಇದ್ದ.

ವಾಚ್ ಎಣಿಸುತ್ತದೆ, ಕೇಳುವುದಿಲ್ಲ. ಎರಡು ದಿನ ನಡೆಯದಿದ್ದರೆ ಅದು ಗುಂಯ್ ಅನ್ನುತ್ತದೆ, ನಾವು ಆಫ್ ಮಾಡುತ್ತೇವೆ. ಅಕ್ಕ ಫೋನ್ ಮಾಡಿ "ಯಾಕೆ, ಹುಷಾರಿಲ್ವಾ?" ಅಂದರೆ ಆಫ್ ಮಾಡಲು ಬರುವುದಿಲ್ಲ.

ತಕ್ಕಡಿ ಹೇಳದ ಮಾತು

ನಮ್ಮ ಜನಕ್ಕೆ ಇನ್ನೊಂದು ಕಷ್ಟ ಇದೆ. ನಾರ್ತ್‌ವೆಸ್ಟರ್ನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ 2010ರಿಂದ ನಡೆಸುತ್ತಿರುವ 'ಮಸಾಲಾ' ಎಂಬ ಅಧ್ಯಯನ ಇದೆ. ಹೆಸರು ಕೇಳಿ ನಗಬೇಡಿ, ಅದು ಅಮೆರಿಕದಲ್ಲಿರುವ ದಕ್ಷಿಣ ಏಷ್ಯಾದವರ ಹೃದಯದ ಆರೋಗ್ಯದ ಅಧ್ಯಯನ. ಬೇರೆ ಸಮುದಾಯದವರ ಜತೆ ಹೋಲಿಸಿ ನೋಡಿದಾಗ ನಮ್ಮವರ ಹೊಟ್ಟೆಯೊಳಗೆ, ಲಿವರ್‌ನಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂದು ಗೊತ್ತಾಯಿತು. ಸಣಕಲು ಮೈಯ ನಮ್ಮ ಅಪ್ಪನಿಗೆ ಕಾಯಿಲೆ ಬಂದದ್ದು ಯಾಕೆ ಎಂದು ಆಗ ನನಗೆ ಅರ್ಥವಾಯಿತು. ಈ ಕಾರಣಕ್ಕೇ ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ 2015ರಿಂದ ಏಷ್ಯಾ ಮೂಲದವರಿಗೆ ಬಿಎಂಐ 25ರ ಬದಲು 23ಕ್ಕೇ ಪರೀಕ್ಷೆ ಮಾಡಿಸಲು ಹೇಳುತ್ತದೆ.

ಹಾಗಾಗಿ ವಾಚ್ ನೋಡುವ ಮೊದಲು ಎ1ಸಿ ಪರೀಕ್ಷೆ ಮಾಡಿಸಿ. ತಕ್ಕಡಿಯ ಜತೆಗೆ ಒಂದು ಟೇಪು ಇಟ್ಟುಕೊಂಡು ಸೊಂಟದ ಸುತ್ತಳತೆ ನೋಡಿ. ತೂಕ ಇಳಿಯದಿದ್ದರೂ ನಡಿಗೆ ವ್ಯರ್ಥವಲ್ಲ. ಊಟವಾದ ಮೇಲೆ ಕೆಲವೇ ನಿಮಿಷ ನಡೆದರೂ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಊಟ ಆದ ಮೇಲೆ ನೂರು ಹೆಜ್ಜೆ ನಡೀರಿ ಅಂತ ಅಜ್ಜಿ ಹೇಳುತ್ತಿದ್ದುದು ಇದನ್ನೇ.

ಮಕ್ಕಳ ಕೈಯಲ್ಲಿ ವಾಚ್ ಇದ್ದರೆ

ಈಗ ಆ ಹೋಳಿಗೆಯ ಮಾತಿಗೆ ಬರುತ್ತೇನೆ. ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಲೊರಿ ಮತ್ತು ಫಿಟ್‌ನೆಸ್ ಎಣಿಸುವ ಸಾಧನ ಬಳಸುವವರಲ್ಲಿ ಊಟದ ಬಗ್ಗೆ ಅನಾರೋಗ್ಯಕರ ಚಿಂತೆ ಹೆಚ್ಚು ಕಂಡಿತ್ತು. ವಾಚ್‌ನಿಂದಲೇ ಹಾಗಾಯಿತು ಎಂದು ಅದರಿಂದ ಹೇಳಲಾಗದು. ಆದರೆ 9 ವರ್ಷದ ಮಗು ಹಬ್ಬದ ದಿನ ಹೋಳಿಗೆಯನ್ನು ನಡೆದು ಸಂಪಾದಿಸಬೇಕು ಎಂದುಕೊಂಡಾಗ ನನಗೆ ಇನ್ನೊಂದು ಅಧ್ಯಯನ ಬೇಕಿರಲಿಲ್ಲ.

ತಯಾರಕರಿಗೂ ಇದು ಗೊತ್ತಿದ್ದಂತಿದೆ. ಫಿಟ್‌ಬಿಟ್‌ನ ಮಕ್ಕಳ ಖಾತೆಯಲ್ಲಿ ಕ್ಯಾಲೊರಿ ಕಾಣುವುದಿಲ್ಲ. ಆ್ಯಪಲ್ ವಾಚ್‌ನಲ್ಲಿ 13ಕ್ಕಿಂತ ಚಿಕ್ಕವರಿಗೆ ಕ್ಯಾಲೊರಿಯ ಬದಲು ನಿಮಿಷ ತೋರಿಸುವ ವ್ಯವಸ್ಥೆ ಇದೆ. ನಾನು ನನ್ನ ಖಾತೆ ಇದ್ದ ಹಳೇ ವಾಚನ್ನೇ ಮಗಳ ಕೈಗೆ ಕಟ್ಟಿದ್ದೆ. ತಪ್ಪು ನನ್ನದು. ನಿಮ್ಮ ಮನೆಯಲ್ಲಿ ಹಾಗೆ ಆಗಿದ್ದರೆ ಇವತ್ತೇ ಬದಲಿಸಿ. ಮಕ್ಕಳಿಗೆ ಬೇಕಾದ್ದು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ಆಡುವುದು, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅಷ್ಟೇ. ಸೈಕಲ್, ಈಜು, ಹಿಮದಲ್ಲಿ ಸ್ಲೆಡ್ಡಿಂಗ್, ಯಾವುದಾದರೂ ಸರಿ. ಅದನ್ನು ಊಟದ ಜತೆ ಲೆಕ್ಕ ಹಾಕಬೇಡಿ, ಮುಖ್ಯವಾಗಿ ಅವರೆದುರು.

ಈಗ ನಮ್ಮ ಮನೆಯಲ್ಲಿ

ಪಂದ್ಯ ನಿಲ್ಲಿಸಿದೆವು. ಅಕ್ಕ ತನ್ನ ಡಾಕ್ಟರನ್ನು ಕೇಳಿ, ಆ 2002ರ ಅಧ್ಯಯನದ ಆಧಾರದ ಮೇಲೆ ಸಿಡಿಸಿ ನಡೆಸುವ ಒಂದು ವರ್ಷದ ಕಾರ್ಯಕ್ರಮಕ್ಕೆ ಸೇರಿದಳು. ಅದರಲ್ಲಿ ಕೋಚ್ ಇರುತ್ತಾರೆ. ನಿಮಗೂ ಪ್ರೀಡಯಾಬಿಟೀಸ್ ಇದ್ದರೆ ಕೇಳಿ ನೋಡಿ.

ಸಂಜೆ ಅವಳಿಗೆ ಎಂಟೂವರೆ, ನಮಗೆ ಏಳೂವರೆ ಆದಾಗ ಫೋನ್ ಬರುತ್ತದೆ. ಅವಳು ನೋವೈಯಲ್ಲಿ ನಡೆಯುತ್ತಾಳೆ, ನಾನು ಮಗಳ ಜತೆ ಇಲ್ಲಿ. ಫೋನ್ ಸ್ಪೀಕರ್‌ನಲ್ಲಿ ಇರುತ್ತದೆ. ಇಪ್ಪತ್ತೈದು ನಿಮಿಷ ದೊಡ್ಡಮ್ಮನ ಕನ್ನಡ ಮಗಳ ಕಿವಿಗೆ ಬೀಳುತ್ತದೆ. ಕನ್ನಡ ಕಲಿಗೂ ಹೋಗುತ್ತಾಳೆ, ಆದರೆ ಜಗಳ, ತಮಾಷೆ, ಊರಿನ ಸುದ್ದಿ ಸಿಗುವುದು ಇಲ್ಲೇ. ಹೆಜ್ಜೆ ಎಣಿಸುವುದು ಈಗ ಅವಳದೇ ಕೆಲಸ, ಬಾಯಿಯಲ್ಲಿ, ಕನ್ನಡದಲ್ಲಿ. ಎಪ್ಪತ್ತೊಂಬತ್ತು ಆದ ಮೇಲೆ ಎಂಬತ್ತೋ ತೊಂಬತ್ತೋ ಎಂದು ದಿನಾ ಗೊಂದಲ, ಆ ಕಡೆಯಿಂದ ದೊಡ್ಡಮ್ಮ ತಿದ್ದುತ್ತಾಳೆ.

ವಾಚ್ ಬಿಸಾಡಿಲ್ಲ. ನನ್ನ ಕೈಯಲ್ಲೇ ಇದೆ. ವಾರಕ್ಕೊಮ್ಮೆ ಹೆಜ್ಜೆ ನೋಡುತ್ತೇನೆ, ಕ್ಯಾಲೊರಿಯ ಪರದೆಯನ್ನು ತೆಗೆದುಹಾಕಿದ್ದೇನೆ. ಮೂರು ತಿಂಗಳಲ್ಲಿ ನನ್ನ ತೂಕ ಮೂರು ಪೌಂಡ್ ಇಳಿದಿದೆ, ಸೊಂಟ ಒಂದು ಇಂಚು. ಒಬ್ಬಳ ಅನುಭವ ಪುರಾವೆಯಲ್ಲ, ಅದು ನನಗೂ ಗೊತ್ತು. ಅಕ್ಕನ ಎ1ಸಿ ಈ ಸಲ 5.7. ಗೆರೆ ಇನ್ನೂ ದಾಟಿಲ್ಲ, ಆದರೆ ದಿಕ್ಕು ಸರಿಯಾಗಿದೆ.

ನೀವು ವಾಚ್ ಕೊಳ್ಳುವ ಯೋಚನೆಯಲ್ಲಿದ್ದರೆ ಕೊಳ್ಳಿ, ಹೆಚ್ಚು ನಡೆಯುತ್ತೀರಿ. ಆದರೆ ಅದಕ್ಕೂ ಮೊದಲು, ನೀವು ನಡೆಯದ ದಿನ ಫೋನ್ ಮಾಡಿ ಕೇಳುವವರು ಯಾರು ಎಂದು ನೋಡಿಕೊಳ್ಳಿ. ಕಳೆದ ವಾರ ಮಗಳ ಹುಟ್ಟುಹಬ್ಬಕ್ಕೆ ಮತ್ತೆ ಹೋಳಿಗೆ ಮಾಡಿದ್ದೆ. ಎರಡು ತಿಂದಳು. ಎಷ್ಟು ಹೆಜ್ಜೆ ಆಗಿತ್ತು ಅಂತ ಯಾರೂ ನೋಡಲಿಲ್ಲ.