ಖಾಕಿ ತೊಟ್ಟ ಮೇಲೂ ಪರೀಕ್ಷೆ

ಧಾರವಾಡದ ಪೊಲೀಸ್ ತರಬೇತಿ ಶಾಲೆಯಿಂದ ಪಥಸಂಚಲನ ಮುಗಿಸಿ ಹೊರಬಂದ ಹುಡುಗ-ಹುಡುಗಿಯರನ್ನು ಕಂಡು ‘ಇವರ ನೌಕರಿ ಪಕ್ಕಾ ಆಯ್ತು’ ಅಂದುಕೊಳ್ಳುತ್ತೇವೆ, ಅಲ್ಲವೇ? ಇನ್ನೂ ಇಲ್ಲ, ಸೋದರಿಯರೇ. ಮುಂದೆ ಪ್ರೊಬೇಷನ್ ಇದೆ. 1977ರ ಕರ್ನಾಟಕದ ನಿಯಮಗಳಂತೆ ಅದು ಎರಡು ವರ್ಷಕ್ಕೆ ಕಡಿಮೆಯಿಲ್ಲ. ಬೇಕೆನಿಸಿದರೆ ಅದರರ್ಧದಷ್ಟು ಬೆಳೆಸಬಹುದು. ‘ತೃಪ್ತಿಕರ’ ಎಂದು ಮೇಲಿನವರ ಆದೇಶ ಬರುವ ತನಕ ನೌಕರಿ ಕಾಯಂ ಅಲ್ಲ. ತಕ್ಕವರಲ್ಲ ಎನಿಸಿದರೆ ಮನೆಗೆ ಕಳಿಸಲೂಬಹುದು. ಹೊಸ ಸೊಸೆಯನ್ನು ನೋಡಿದ ಹಾಗಾಯ್ತು ಅಂತೀರಾ? ಇಲ್ಲಿ ನಿಯಮವನ್ನಾದರೂ ಬರೆದಿಟ್ಟಿದ್ದಾರೆ!

ಕವಾಯತು, ಕಾನೂನು ಶಾಲೆಯಲ್ಲಿ ಬರುತ್ತವೆ. ಪಹರೆ, ರಾತ್ರಿ ಬೀಟು, ಸಮನ್ಸ್ ಮುಟ್ಟಿಸುವುದು ಠಾಣೆಯಲ್ಲೇ ಕಲಿಯಬೇಕು. ಇವೆಲ್ಲಕ್ಕಿಂತ ಕಷ್ಟದ್ದು, ನನಗನ್ನಿಸುವಂತೆ, ಬಾಗಿಲಲ್ಲಿ ಸೆರಗು ಹಿಡಿದು ನಿಂತ ಹೆಣ್ಣುಮಗಳ ಮಾತು ಕೇಳುವುದು. ‘ಮನ್ಯಾಗಿನ ಜಗಳ ಮನ್ಯಾಗ ಮುಗಿಸ್ಕೋರಿ ಅಕ್ಕಾರ’ ಎಂದು ಸಾಗಹಾಕುವುದನ್ನೂ ಹೊಸಬರು ಹಿರಿಯರಿಂದಲೇ ಕಲಿಯುತ್ತಾರೆ. ಕೂಡ್ರಿಸಿ, ನೀರು ಕೊಟ್ಟು, ಬರೆದುಕೊಳ್ಳುವ ಅಧಿಕಾರಿಯ ಬಳಿ ಕರೆದೊಯ್ಯುವುದನ್ನೂ. ಆದ್ದರಿಂದ ಮೊದಲ ಠಾಣೆಯಲ್ಲಿ ಕಲಿಸುವವರು ಯಾರು ಎಂಬುದೇ ದೊಡ್ಡ ಮಾತು.

ಎದುರಿಗಿರುವವರು ಹೊಸಬರಾದರೆ ನಮಗಾದರೂ ಇಷ್ಟು ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ಹುಬ್ಬಳ್ಳಿಯಲ್ಲಿ ನಡೆದಿದ್ದರೂ ಧಾರವಾಡದ ಠಾಣೆಯಲ್ಲಿ ಹೇಳಬಹುದು. ಬಾಯಿಮಾತಿನಲ್ಲಿ ಹೇಳಿದ್ದನ್ನು ಅವರೇ ಬರೆದು, ಓದಿ ಹೇಳಿ, ಸಹಿ ಪಡೆಯಬೇಕು. ಲೈಂಗಿಕ ದೌರ್ಜನ್ಯಕ್ಕೊಳಗಾದವಳೇ ಹೇಳುವಾಗ ಬರೆದುಕೊಳ್ಳುವವರು ಮಹಿಳಾ ಅಧಿಕಾರಿಯೇ ಆಗಿರಬೇಕು. ಠಾಣೆಯವರು ಒಲ್ಲೆನೆಂದರೆ ಮೇಲಧಿಕಾರಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ. ಕೇಳಿ ಪಡೆದು, ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಜೋಪಾನವಾಗಿಡಿ.