ಯಂತ್ರಕ್ಕೆ ‘ಹೆಸರು’ ಕಲಿಸುವ ಪಾಡು

ಮುಂಗಾರಿನ ಫಸಲು ಗದಗ ಮಾರುಕಟ್ಟೆಗೆ ಬರುವ ಹೊತ್ತಿನಲ್ಲಿ ‘ಹೆಸರಿಗೆ ಬೆಲೆಯಿಲ್ಲ’ ಎಂಬ ತಲೆಬರಹ ಕಂಡರೆ ಮುಂಡರಗಿಯ ರೈತನಿಗೆ ವಿವರಣೆ ಬೇಕಿಲ್ಲ, ಎದೆ ಧಸಕ್ಕೆನ್ನುತ್ತದೆ. ಅದೇ ಸಾಲನ್ನು ಗಣಕಯಂತ್ರಕ್ಕೆ ಕೊಟ್ಟರೆ, ಯಾರದೋ ಕೀರ್ತಿ ಮುಕ್ಕಾಯಿತೆಂದು ಅದು ತಿಳಿದೀತು.

ಸುದ್ದಿಯ ರಾಶಿಯಿಂದ ಊರು, ವ್ಯಕ್ತಿ, ಬೆಳೆ, ಬೆಲೆಗಳನ್ನು ಹೆಕ್ಕಿ ಕೊಡುವ ತಂತ್ರಾಂಶಗಳ ಬೆನ್ನಿಗೆ ಹಲವು ವೇಳೆ ಒಂದು ನಿಘಂಟು ಇರುತ್ತದೆ. ಅದು ಕಿಟೆಲ್ 1894ರಲ್ಲಿ ಕೊಟ್ಟಂಥ ಅರ್ಥಕೋಶವಲ್ಲ. ಯಾವ ಪದ ಯಾವ ವರ್ಗದ್ದು, ಅದರ ಬೇರೆ ರೂಪಗಳಾವುವು ಎಂದು ಹೇಳುವ ಪಟ್ಟಿ. ನಮ್ಮ ಸೀಮೆಯ ಸುದ್ದಿಗಳಿಗಾಗಿ ಅಂಥದೊಂದನ್ನು ಬರೆಯಲು ಕುಳಿತವನು ಮೊದಲ ಪುಟದಲ್ಲೇ ತಡವರಿಸಿದೆ.

ಗದಗದಲ್ಲಿ, ಗದಗಕ್ಕೆ, ಗದಗಿನ: ವಿಭಕ್ತಿ ಹತ್ತಿದಂತೆ ಪದದ ಬಾಲ ಬದಲಾಗುತ್ತದೆ. ಕುಮಾರವ್ಯಾಸನ ಕಾವ್ಯವಾದರೋ ಗದುಗಿನ ಭಾರತ. ಗದಗ-ಬೆಟಗೇರಿ ಜನರ ಮಾತಿನಲ್ಲಿ ಎರಡು ಊರು, ನಗರಸಭೆಯ ಮಟ್ಟಿಗೆ ಒಂದು. ಬೆಟಗೇರಿಯನ್ನು ಬಿಡಿಯಾಗಿ ಬರೆದುಕೊಂಡರೆ ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು ಎದುರಾಗುತ್ತಾರೆ. ಅವರ ಬೆಟಗೇರಿ ಇದಲ್ಲ, ಗೋಕಾಕ ತಾಲ್ಲೂಕಿನದು. 1858ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಕೊಪ್ಪಳದಲ್ಲಿ ಮಡಿದ ಮುಂಡರಗಿ ಭೀಮರಾಯನಲ್ಲಿ ‘ಮುಂಡರಗಿ’ ಊರೋ, ವ್ಯಕ್ತಿಯ ಹೆಸರಿನ ಭಾಗವೋ? ಊರನ್ನೇ ಅಡ್ಡಹೆಸರಾಗಿ ಹೊತ್ತು ತಿರುಗುವ ನಮ್ಮ ಕಡೆಯ ರೂಢಿ ಯಂತ್ರಕ್ಕೆ ದೊಡ್ಡ ಒಗಟು.

ಲಕ್ಷ್ಮೇಶ್ವರದ ಕಥೆ ಇನ್ನೂ ಉದ್ದ. ಕವಿರಾಜಮಾರ್ಗಕ್ಕೆ ಅದು ತಿರುಳ್ಗನ್ನಡದ ಪುಲಿಗೆರೆ. ಸ್ವಾತಂತ್ರ್ಯಕ್ಕೆ ಮುನ್ನ ಮಿರಜ ಸಂಸ್ಥಾನ. ಬಳಿಕ ಬಹುಕಾಲ ಶಿರಹಟ್ಟಿ ತಾಲ್ಲೂಕು. ಈಗ ತಾನೇ ಒಂದು ತಾಲ್ಲೂಕು. 1997ಕ್ಕೆ ಮುಂಚಿನ ಪತ್ರಿಕೆಗಳಲ್ಲಿ ಇವೆಲ್ಲವೂ ಧಾರವಾಡ ಜಿಲ್ಲೆ. ಆದ್ದರಿಂದ ಪಟ್ಟಿಯ ಪ್ರತಿ ನಮೂದಿಗೂ ಕಾಲವನ್ನು ಹಚ್ಚಬೇಕು.

ಇಂಥ ಕೆಲಸ ನಡೆದೇ ಇಲ್ಲವೆಂದಲ್ಲ. 2022ರಲ್ಲಿ ‘ಎಐ4ಭಾರತ್’ ತಂಡವು ಕನ್ನಡವೂ ಸೇರಿದಂತೆ 11 ಭಾರತೀಯ ಭಾಷೆಗಳಿಗೆ ‘ನಾಮಪದಂ’ ಎಂಬ ದತ್ತಾಂಶವನ್ನು ಹೊರತಂದಿತು. ಇಂಗ್ಲಿಷ್ ವಾಕ್ಯದಲ್ಲಿ ಗುರುತಿಸಿದ ಹೆಸರುಗಳನ್ನು ಅದರ ಜೋಡಿ ವಾಕ್ಯಕ್ಕೆ ದಾಟಿಸಿ ಕಟ್ಟಿದ ಉಪಯುಕ್ತ ಭಂಡಾರವದು. ಆದರೆ ಅದರಲ್ಲಿರುವುದು ವ್ಯಕ್ತಿ, ಸ್ಥಳ, ಸಂಸ್ಥೆ ಎಂಬ ಮೂರೇ ವರ್ಗ, ಬೆಳೆಗೆ ಜಾಗವಿಲ್ಲ.

ನನ್ನನ್ನು ಕಾಡುವುದು ಇದೇ. ಬೆಲೆ ಕುಸಿತದ ಸುದ್ದಿಗಳನ್ನು ಯಂತ್ರವೇ ಎಣಿಸಿ ಅಧಿಕಾರಿಗಳ ಮುಂದಿಡುವುದಾದರೆ, ಅದಕ್ಕೆ ಈರುಳ್ಳಿ, ಕಡಲೆಕಾಯಿ ಮಾತ್ರ ಗೊತ್ತಿದ್ದು ಉಳ್ಳಾಗಡ್ಡಿ, ಶೇಂಗಾ ಗೊತ್ತಿಲ್ಲದಿದ್ದರೆ ಶಿರಹಟ್ಟಿಯ ರೈತನ ನಷ್ಟ ಲೆಕ್ಕಕ್ಕೇ ಬಾರದು. ಅದಕ್ಕೇ ನನ್ನ ಕರಡು ಪಟ್ಟಿಯನ್ನು ಪಂಡಿತರಿಗಿಂತ ಮೊದಲು ದಲಾಲಿ ಅಂಗಡಿಯ ಗುಮಾಸ್ತರಿಗೆ ತೋರಿಸುವವನಿದ್ದೇನೆ.